ಸಹಾಯ ಬೇಕು: ಮದುವೆಗಾಗಿ ಕೆನಡಾಕ್ಕೆ ಹಡಗು ಹತ್ತಿದ ಹೆಣ್ಣುಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ. 1663ರಿಂದ 1673ರವರೆಗೆ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಸರ್ಕಾರದ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳನ್ನು ಇಂದಿನ ಕ್ವಿಬೆಕ್‌ಗೆ ಕಳುಹಿಸಿದ. ಅಲ್ಲಿ ನೆಲೆಯೂರಿದ್ದ ಗಂಡಸರಿಗೆ ವಧುಗಳು ಬೇಕಿದ್ದರು. ‘ರಾಜನ ಹೆಣ್ಣುಮಕ್ಕಳು’ ಎಂದೇ ಹೆಸರಾದ ಇವರಲ್ಲೊಬ್ಬಳನ್ನು ನಾಯಕಿಯಾಗಿಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ, 1665ರಲ್ಲಿ ಅಲ್ಲಿಗೆ ಬಂದಿಳಿದ ಫ್ರೆಂಚ್ ಸೇನೆಯ ಕರಿಞ್ಞಾನ್-ಸಾಲಿಯೇರ್ ಪಡೆಯ ಸೈನಿಕ.

ಆ ಹೆಣ್ಣುಮಕ್ಕಳಲ್ಲಿ ಹಲವರು ತಂದೆಯಿಲ್ಲದ ಬಡವರು. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಶ್ರಯಧಾಮದಿಂದ ಬಂದವರೂ ಇದ್ದರು. ಜೊತೆಗೊಂದು ಪುಟ್ಟ ಪೆಟ್ಟಿಗೆ: ಬಾಚಣಿಗೆ, ಕತ್ತರಿ, ಬಿಳಿ ದಾರ, ಎರಡು ಚಾಕು, 100 ಸೂಜಿ. ಇಷ್ಟಾದರೂ ಅವರು ಯಾರ ಕೊರಳಿಗೋ ಕಟ್ಟಿದ ಹೆಣ್ಣುಗಳಲ್ಲ. ಬೇಡವೆನ್ನುವ ಹಕ್ಕು ಅವರಿಗಿತ್ತು. ‘ಮನೆ ಕಟ್ಟಿದ್ದೀಯಾ?’ ಎಂಬುದೇ ವರನಿಗೆ ಹಾಕುತ್ತಿದ್ದ ಮೊದಲ ಪ್ರಶ್ನೆ. ನೋಟರಿಯ ಮುಂದೆ ಬರೆಸಿದ ಒಪ್ಪಂದವನ್ನು ರದ್ದು ಮಾಡಿ ಬೇರೊಬ್ಬನ ಕೈ ಹಿಡಿದವರೂ ಇದ್ದಾರೆ. ನನ್ನ ಪ್ರೇಮಕಥೆ ಹುಟ್ಟಿದ್ದೇ ಆ ರದ್ದಾದ ಕಾಗದದಿಂದ.

ಮಾಂಟ್ರಿಯಲ್‌ನಲ್ಲಿರುವ ಕನ್ನಡಿಗರು ಯಾರಾದರೂ ಮೇಸೋಂ ಸೇಂಟ್-ಗ್ಯಾಬ್ರಿಯಲ್ ವಸ್ತುಸಂಗ್ರಹಾಲಯಕ್ಕೆ ಹೋಗಿಬರುವಿರಾ? ಮಾರ್ಗರೀತ್ ಬೂರ್ಜ್ವಾ ಎಂಬ ಕ್ರೈಸ್ತ ಸನ್ಯಾಸಿನಿ ಈ ಹುಡುಗಿಯರಿಗೆ ಆಸರೆ ಕೊಟ್ಟು ಮನೆಗೆಲಸ ಕಲಿಸಿದ ಜಾಗವದು. ಅಡುಗೆಮನೆಯ ಒಲೆ ಮತ್ತು ಪಾತ್ರೆಗಳ ಹತ್ತಿರದ ಚಿತ್ರಗಳು ಬೇಕು. ಹಳೆಯ ಫ್ರೆಂಚ್ ಕೈಬರಹ ಓದಬಲ್ಲವರಿದ್ದರೆ ಇನ್ನೂ ಉಪಕಾರ. ಒಂದೇ ಒಂದು ಮದುವೆ ಒಪ್ಪಂದದ ಸಾಲುಸಾಲು ಅರ್ಥ ತಿಳಿದರೂ ಸಾಕು. ಅಲ್ಲಿನ ಜನವರಿಯ ಚಳಿಯನ್ನು ಅನುಭವಿಸಿದವರು, ಮೊದಲ ಚಳಿಗಾಲ ಮೈಗೆ ಹೇಗೆ ತಟ್ಟಿತು ಎಂದು ದಯವಿಟ್ಟು ಬರೆಯಿರಿ.