ಲಿಸ್ಬನ್, ಸೆವಿಲ್: ಅಕ್ಕಪಕ್ಕದ ಊರಿಗೆ ಒಂದು ಗಂಟೆ ವ್ಯತ್ಯಾಸ ಯಾಕೆ? ಎಲ್ಲಿ ಜಾಸ್ತಿ ದಿನ ಇರಲಿ?

ತುಂಗಾತೀರ:
ನಮಸ್ಕಾರ. ಜೂನ್ ಕೊನೆಗೆ ನಾನು, ಅಮ್ಮ ಇಬ್ಬರೂ ಪೋರ್ಚುಗಲ್ಲಿನ ಲಿಸ್ಬನ್ ಮತ್ತು ಸ್ಪೇನಿನ ಸೆವಿಲ್‌ಗೆ ಹೋಗುತ್ತಿದ್ದೇವೆ, ಒಟ್ಟು 9 ದಿನ. ಅಪ್ಪ ಶಿವಮೊಗ್ಗದಲ್ಲೇ ಇರುತ್ತಾರೆ, ರಾತ್ರಿ ಒಂಬತ್ತೂವರೆಗೆ ಮಲಗಿಬಿಡುತ್ತಾರೆ, ಅದಕ್ಕೆ ಮುಂಚೆ ದಿನಾ ಫೋನ್ ಮಾಡಬೇಕು. ಲೆಕ್ಕ ಹಾಕೋಕೆ ಕೂತರೆ ಎರಡೂ ಊರಿನ ಗಡಿಯಾರಕ್ಕೆ ಒಂದು ಗಂಟೆ ವ್ಯತ್ಯಾಸ! ನಕ್ಷೆಯಲ್ಲಿ ಹತ್ತಿರವೇ ಇವೆ, ಅಲ್ವಾ? ಇನ್ನೊಂದು ಚಿಂತೆ: ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ, ಸಸ್ಯಾಹಾರಿ, ರಾತ್ರಿ ಎಂಟಕ್ಕೆ ಊಟ ಆಗಬೇಕು. ಸೆವಿಲ್‌ನಲ್ಲಿ ಒಂಬತ್ತರ ತನಕ ಊಟವೇ ಸಿಗಲ್ಲ ಅಂತಾರೆ. ನಿಜವಾ?

ಬಿಸಿಲುಕೋಲು:
ಫೋನ್ ಲೆಕ್ಕ ಸುಲಭ. ಜೂನ್‌ನಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಸೆವಿಲ್ ಮೂರೂವರೆ ಗಂಟೆ ಹಿಂದೆ. ಶಿವಮೊಗ್ಗದ ರಾತ್ರಿ 9 ಅಂದರೆ ಲಿಸ್ಬನ್‌ನಲ್ಲಿ ಸಂಜೆ ನಾಲ್ಕೂವರೆ, ಸೆವಿಲ್‌ನಲ್ಲಿ ಐದೂವರೆ.

ಆದರೆ ಸೂರ್ಯನ ಲೆಕ್ಕದಲ್ಲಿ ಈ ಎರಡು ಊರಿಗೆ ಇರುವ ಅಂತರ ಹನ್ನೆರಡು, ಹದಿಮೂರು ನಿಮಿಷ ಅಷ್ಟೇ. ಉಳಿದದ್ದು ಸರ್ಕಾರ ಇಟ್ಟ ಸಮಯ. 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಸ್ಪೇನಿನ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತು, ಕ್ಯಾನರಿ ದ್ವೀಪಗಳನ್ನು ಬಿಟ್ಟರೆ ದೇಶ ಇವತ್ತಿಗೂ ಮಧ್ಯ ಯುರೋಪಿನ ಸಮಯದಲ್ಲೇ ಇದೆ. ಪೋರ್ಚುಗಲ್ ಕೂಡ 1992ರಲ್ಲಿ ಅದೇ ಸಮಯಕ್ಕೆ ಹೋಗಿ ನೋಡಿತು. ಚಳಿಗಾಲದಲ್ಲಿ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗಬೇಕಾಯಿತು, ಜನರಿಗೆ ಸಾಕಾಗಿ 1996ರಲ್ಲಿ ವಾಪಸ್ ಬಂದರು.

ಹಾಗಾಗಿ ಸೆವಿಲ್‌ನವರು ತಡವಾಗಿ ಉಣ್ಣುತ್ತಾರೆ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರೋದು ಮಧ್ಯಾಹ್ನ 2.25ರ ಹೊತ್ತಿಗೆ, ಮುಳುಗೋದು ರಾತ್ರಿ ಒಂಬತ್ತೂ ಮುಕ್ಕಾಲಿಗೆ. ಎರಡೂವರೆಗೆ ಊಟ ಮಾಡುವವರು ನಡು ಮಧ್ಯಾಹ್ನಕ್ಕೇ ಉಣ್ಣುತ್ತಿದ್ದಾರೆ. ಲಿಸ್ಬನ್‌ನಲ್ಲಿ ಒಂದೂವರೆಗೆ ಉಣ್ಣುವವರದ್ದೂ ಅದೇ ಹೊತ್ತು.

ಮೀನುಗಾರಪೇಟೆ:
ಲಿಸ್ಬನ್‌ನಲ್ಲಿ ಎರಡು ವರ್ಷ ಇದ್ದೆ, ಹಾಗಾಗಿ ಆ ಊರಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೆ ಅಮ್ಮನವರ ಮಂಡಿ ನೆನೆದರೆ ಹೆದರಿಕೆ ಆಗುತ್ತದೆ. ಊರೆಲ್ಲ ಏರು ಇಳಿಜಾರು, ಕಾಲುದಾರಿಗೆ ಹಾಸಿದ ಪುಟ್ಟ ಬಿಳಿ ಕಲ್ಲುಗಳು ಸವೆದು ನುಣುಪಾಗಿವೆ, ಒದ್ದೆಯಾದರೆ ಜಾರುತ್ತವೆ. ಒಳ್ಳೆ ಶೂ ಹಾಕಿಸಿ. 1755ರ ನವೆಂಬರ್ 1ರ ಭೂಕಂಪ, ಸುನಾಮಿ, ಬೆಂಕಿಯಲ್ಲಿ ತಗ್ಗಿನ ಬೈಷಾ ಬಡಾವಣೆ ನಾಶವಾಯಿತು, ಅದನ್ನು ನೇರ ಬೀದಿಗಳಲ್ಲಿ ಹೊಸದಾಗಿ ಕಟ್ಟಿದರು. ಅಲ್ಲಿ ಆರಾಮಾಗಿ ನಡೆಯಬಹುದು. ಹಳೆಯ ಬಡಾವಣೆ ಅಲ್ಫಾಮಾ ಬಹುಪಾಲು ಉಳಿಯಿತು, ಅದರ ಗಲ್ಲಿಗಳಲ್ಲಿ ಬೆಳಿಗ್ಗೆ ಒಮ್ಮೆ ಸುಮ್ನೆ ಸುತ್ತಿ. ಲಿಸ್ಬನ್ನಿನದೇ ಬೆಲೆಂ ಬಡಾವಣೆಯಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇದೆ. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ 1498ರಲ್ಲಿ ಅವನ ಹಡಗುಗಳು ತಂಗಿದ್ದವು, ಅದನ್ನು ನೆನೆದು ಅಲ್ಲಿ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಅಮ್ಮನವರಿಗೆ ಮಾತೊಂದು ಹೇಳಿ: ನಾವು ಅನ್ನುವ ಚಾವಿ, ಬಟಾಟೆ ಎರಡೂ ಪೋರ್ಚುಗೀಸರಿಂದ ಬಂದ ಪದಗಳು.

ಕಿತ್ತಳೆಮರ:
ಸೆವಿಲ್ ಸಮತಟ್ಟು, ಮಂಡಿಗೆ ಒಳ್ಳೆಯದು. ಹಿರಾಲ್ಡಾ ಗೋಪುರ ಬಿಡಬೇಡಿ. ಮೊದಲು ಮಸೀದಿಯ ಮಿನಾರ್ ಆಗಿತ್ತು, ಒಳಗೆ ಮೆಟ್ಟಿಲ ಬದಲು ನಿಧಾನಕ್ಕೆ ಏರುವ 35 ಇಳಿಜಾರುಗಳು, ಕೊನೆಗೆ ಮಾತ್ರ ಸ್ವಲ್ಪ ಮೆಟ್ಟಿಲು. ನಮ್ಮತ್ತೆ ಎಪ್ಪತ್ತರಲ್ಲಿ ಹತ್ತಿದ್ದಾರೆ.

ತೊಂದರೆ ಬಿಸಿಲಿನದು. ಜೂನ್ ಕೊನೆಗೆ 40 ಡಿಗ್ರಿ ಆಗಬಹುದು, ಸಂಜೆ ಆರಕ್ಕೂ ಉರಿಯುತ್ತದೆ. ಬೆಳಿಗ್ಗೆ ಎಲ್ಲ ನೋಡಿ, ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ಎಂಟರ ಮೇಲೆ ನದಿ ದಾಟಿ ತ್ರಿಯಾನಾ ಬಡಾವಣೆಗೆ ಹೋಗಿ. ಊಟ ಸಿಗಲ್ಲ ಅನ್ನೋದು ಪೂರ್ತಿ ನಿಜವಲ್ಲ, ಆದರೆ ನಾಲ್ಕರಿಂದ ಎಂಟರ ತನಕ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಎಂಟೂವರೆಗೆ ಬಾರ್‌ಗೆ ಹೋಗಿ ಪಾಲಕ್ ಕಡಲೆಯ ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್ ಕೇಳಿ, ಮಾಂಸ ಹಾಕಿಲ್ಲ ತಾನೆ ಅಂತ ಖಚಿತ ಮಾಡಿಕೊಳ್ಳಿ.

ಎರಡು ಊರಿನ ನಡುವೆ ನೇರ ರೈಲಿಲ್ಲ, ಬಸ್ಸೇ ಗತಿ, ಆರೇಳು ಗಂಟೆ. ಲಿಸ್ಬನ್‌ನಿಂದ ಹೊರಟರೆ ಗಡಿ ದಾಟಿದ ಮೇಲೆ ಒಂದು ಗಂಟೆ ಕಳೆದುಕೊಳ್ಳುತ್ತೀರಿ, ಅವತ್ತು ಅಪ್ಪನಿಗೆ ಬಸ್ಸಿನಿಂದಲೇ ಫೋನ್ ಮಾಡಿಬಿಡಿ.

ತುಂಗಾತೀರ:
ತುಂಬಾ ಧನ್ಯವಾದ. ಲಿಸ್ಬನ್ 6, ಸೆವಿಲ್ 3 ಅಂತ ಮಾಡಿದೆ, ಬಿಸಿಲಿಗೆ ಹೆದರಿ. ಹಿರಾಲ್ಡಾ ಇಳಿಜಾರು ಅಂತ ಕೇಳಿದ ಕೂಡಲೇ ಅಮ್ಮ ಹತ್ತೇ ಹತ್ತುತ್ತೇನೆ ಅಂತ ಕೂತಿದ್ದಾರೆ.