ಸಹ ಆರೋಪಿ ನನ್ನ ಅಣ್ಣನ ಮೇಲೆ ಹೊರಿಸುತ್ತಿದ್ದಾನೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ನನ್ನ ಅಣ್ಣ ಕೊಲೆ ಪ್ರಕರಣವೊಂದರಲ್ಲಿ ಎರಡನೇ ಆರೋಪಿ. ಚಾಕು ಹಾಕಿದವನು ಅಣ್ಣನೇ, ತಾನು ಜಗಳ ಬಿಡಿಸಲು ಹೋಗಿದ್ದೆ ಎಂದು ಮೊದಲನೇ ಆರೋಪಿ ಪೊಲೀಸರ ಮುಂದೆ ಕೊಟ್ಟ ಸ್ವಇಚ್ಛಾ ಹೇಳಿಕೆ ದೋಷಾರೋಪ ಪಟ್ಟಿಯಲ್ಲಿದೆ. ಅಣ್ಣ ಹೇಳುವುದು ಇದಕ್ಕೆ ತದ್ವಿರುದ್ಧ. ಇಬ್ಬರಿಗೂ ಒಬ್ಬರೇ ವಕೀಲರಿದ್ದಾರೆ. ವಿಚಾರಣೆ ಆರಂಭವಾಗುವ ಮೊದಲು ನಾವು ಏನು ಮಾಡಬೇಕು?

ಸೆಷನ್ಸ್ ನ್ಯಾಯಾಲಯದಲ್ಲಿ ವಕಾಲತ್ತು ನಡೆಸುವವರ ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲು ಕಾನೂನು ಬಿಡುವುದಿಲ್ಲ. ಆ ಹೇಳಿಕೆಯಿಂದ ಹೊಸದಾಗಿ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದ ಭಾಗ ಮಾತ್ರ ಉಳಿಯುತ್ತದೆ. ಮೊದಲನೇ ಆರೋಪಿ ಮ್ಯಾಜಿಸ್ಟ್ರೇಟರ ಮುಂದೆ ತನ್ನನ್ನೂ ಸೇರಿಸಿಕೊಂಡು ತಪ್ಪೊಪ್ಪಿಕೊಂಡಿದ್ದರೂ, 1952ರ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ನ್ಯಾಯಾಧೀಶರು ಮೊದಲು ಅದನ್ನು ಬದಿಗಿಟ್ಟು ಉಳಿದ ಸಾಕ್ಷ್ಯವನ್ನು ತೂಗಬೇಕು; ಆ ಸಾಕ್ಷ್ಯ ತಾನೇ ನಿಲ್ಲುವಂತಿದ್ದರೆ ಮಾತ್ರ ತಪ್ಪೊಪ್ಪಿಗೆಯನ್ನು ಅದಕ್ಕೆ ಬೆಂಬಲವಾಗಿ ನೋಡಬಹುದು. 1964ರ ಹರಿಚರಣ ಕುರ್ಮಿ ತೀರ್ಪು ಇದನ್ನೇ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ಈ ವಿಷಯದಲ್ಲಿ ಹಳೆಯ ನೆಲೆಯೇ ಮುಂದುವರಿದಿದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅಣ್ಣನವರ ಪ್ರತ್ಯುತ್ತರ. "ಇರಿದವನು ಅವನು, ನಾನು ಪಕ್ಕದಲ್ಲಿ ನಿಂತಿದ್ದೆನಷ್ಟೆ" ಎಂದು ಒಬ್ಬರ ಮೇಲೊಬ್ಬರು ಹೊರಿಸತೊಡಗಿದರೆ, ಸ್ಥಳದಲ್ಲಿ ಇದ್ದೆವೆಂಬುದನ್ನು ಇಬ್ಬರೂ ತಾವಾಗಿಯೇ ಒಪ್ಪಿಕೊಂಡಂತಾಗುತ್ತದೆ. ಸಮಾನ ಉದ್ದೇಶ, ಅಂದರೆ ಇಬ್ಬರೂ ಒಂದೇ ಉದ್ದೇಶದಿಂದ ಕೂಡಿ ಕೃತ್ಯ ಎಸಗಿದರೆಂಬುದು, ರುಜುವಾತಾದರೆ ಚಾಕು ಯಾರ ಕೈಯಲ್ಲಿತ್ತು ಎಂಬುದು ಶಿಕ್ಷೆಯನ್ನು ತಪ್ಪಿಸುವುದಿಲ್ಲ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಪ್ರಶ್ನಿಸುತ್ತಾರೆ (ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ ಎನ್ನುತ್ತಿದ್ದದ್ದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಂ). ಅಲ್ಲಿ ಸಹ ಆರೋಪಿ ಪ್ರಮಾಣವಿಲ್ಲದೆ ಹೇಳಿದ್ದನ್ನು ಅಣ್ಣನವರ ವಿರುದ್ಧ ಸಾಕ್ಷ್ಯವೆಂದು ಬಳಸುವಂತಿಲ್ಲ, ಆದರೆ ಅಣ್ಣನವರು ಸ್ವತಃ ಒಪ್ಪಿಕೊಂಡದ್ದನ್ನು ಅವರ ವಿರುದ್ಧ ಪರಿಗಣಿಸಬಹುದು. ಆದ್ದರಿಂದ ಆ ಉತ್ತರಗಳನ್ನು ವಕೀಲರೊಂದಿಗೆ ಮೊದಲೇ ಕುಳಿತು ಚರ್ಚಿಸಿರಬೇಕು. ಲಿಖಿತ ಹೇಳಿಕೆ ಸಲ್ಲಿಸಲೂ ಅವಕಾಶವಿದೆ. ಒಂದು ವೇಳೆ ಮೊದಲನೇ ಆರೋಪಿ ತಾನೇ ಲಿಖಿತವಾಗಿ ಕೋರಿ ಕಟಕಟೆಯೇರಿ ಪ್ರಮಾಣ ಮಾಡಿ ಹೇಳಿದರೆ, ಅವನನ್ನು ಪಾಟೀ ಸವಾಲಿಗೆ ಒಳಪಡಿಸುವ ಹಕ್ಕು ನಿಮಗಿದೆ. ಆ ಸವಾಲನ್ನು ಇಬ್ಬರ ಪರವಾಗಿಯೂ ನಿಂತಿರುವ ವಕೀಲರು ಹೇಗೆ ಕೇಳಿಯಾರು? ಬೇರೆ ವಕೀಲರನ್ನು ಇಂದೇ ನೋಡಿ.

ಮೂರನೇ ಆರೋಪಿಯಾಗಿದ್ದವರೊಬ್ಬರ ಅಕ್ಕನ ಉತ್ತರ: ವಕೀಲರನ್ನು ಬದಲಿಸಿದರೆ ಸಹ ಆರೋಪಿಯ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆಂಬ ಅಳುಕು ನಮಗೂ ಇತ್ತು, ಬೇಸರ ಮಾಡಿಕೊಂಡರು ಕೂಡ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಸಹಾಯವಾಣಿಯ ಸಂಖ್ಯೆ 15100. ಹೊಸ ವಕೀಲರು ಮಾಡಿದ ಮೊದಲ ಕೆಲಸವೆಂದರೆ ಎರಡು ಜಪ್ತಿ ಮಹಜರುಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದು. ಮೊದಲನೇ ಆರೋಪಿ ಬೆಳಿಗ್ಗೆ ತೋರಿಸಿದನೆಂದು ಬರೆದಿದ್ದ ಬೇಲಿಯ ಸಂದಿಯನ್ನೇ ನನ್ನ ತಮ್ಮ ಮಧ್ಯಾಹ್ನ ತೋರಿಸಿದನೆಂದು ಬರೆಯಲಾಗಿತ್ತು. ಪಂಚರೂ ಅವರೇ, ಮಚ್ಚೂ ಅದೇ. ಪೊಲೀಸರಿಗೆ ಆಗಲೇ ಗೊತ್ತಿದ್ದ ಜಾಗವನ್ನು ಇನ್ನೊಬ್ಬ ತೋರಿಸಿದರೆ ಅದನ್ನು ಹೊಸ ಪತ್ತೆ ಎನ್ನಲಾಗದೆಂಬ ವಾದ ಅಲ್ಲಿಂದ ಹುಟ್ಟಿತು. ಇಬ್ಬರಲ್ಲಿ ಯಾರ ಮಾತು ನಿಜವೆಂದು ಮನೆಯಲ್ಲಿ ತಿಂಗಳುಗಟ್ಟಲೆ ನಡೆದ ಜಗಳಕ್ಕಿಂತ ಆ ನಾಲ್ಕು ಹಾಳೆ ಹೆಚ್ಚು ಉಪಯೋಗಕ್ಕೆ ಬಂದವು. ದೋಷಾರೋಪ ಪಟ್ಟಿಯ ಪೂರ್ಣ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಬೇಕಾಗುತ್ತದೆ, ಕೇಳಿ ಪಡೆದುಕೊಳ್ಳಿ.

ನಿವೃತ್ತ ನ್ಯಾಯಾಲಯ ನೌಕರರ ಉತ್ತರ: ಮೊದಲನೇ ಆರೋಪಿ ಮಾಫಿ ಸಾಕ್ಷಿಯಾಗುವ, ಅಂದರೆ ಕ್ಷಮಾದಾನ ಪಡೆದು ಸರ್ಕಾರದ ಪರ ಸಾಕ್ಷಿ ಹೇಳುವ ಸಾಧ್ಯತೆಯನ್ನೂ ಗಮನದಲ್ಲಿಡಿ. ಕ್ಷಮಾದಾನ ಸಿಕ್ಕ ಮೇಲೆ ಅವನು ಸಾಕ್ಷಿಯೇ ಹೊರತು ಸಹ ಆರೋಪಿಯಲ್ಲ, ಆದ್ದರಿಂದ ಅವನ ಮಾತಿನ ತೂಕ ಬದಲಾಗುತ್ತದೆ. ಆದರೂ ಅವನು ನಂಬಲರ್ಹನೇ, ಅವನ ಮಾತಿಗೆ ಬೇರೆ ಕಡೆಯಿಂದ ಪುಷ್ಟಿ ಇದೆಯೇ ಎಂಬ ಎರಡು ಪರೀಕ್ಷೆಗಳನ್ನು 1957ರ ಸರ್ವಣ್ ಸಿಂಗ್ ತೀರ್ಪು ವಿಧಿಸಿದೆ. ಮೊದಲೇ ಜಾಮೀನು ಸಿಗದಿದ್ದರೆ ವಿಚಾರಣೆ ಮುಗಿಯುವವರೆಗೆ ಅವನನ್ನು ಬಂಧನದಲ್ಲೇ ಇಡಬೇಕೆಂಬ ನಿಯಮವಿರುವುದರಿಂದ, ಜೈಲಿನ ಭೇಟಿಯಲ್ಲಿ ಅವನ ಮನವೊಲಿಸಲು ನಿಮ್ಮ ಕಡೆಯವರು ಯಾರೂ ಹೋಗದಂತೆ ನೋಡಿಕೊಳ್ಳಿ. ಸಾಕ್ಷಿಯನ್ನು ಬೆದರಿಸಿದರೆಂಬ ಇನ್ನೊಂದು ಪ್ರಕರಣ ಅಣ್ಣನವರ ಜಾಮೀನಿಗೇ ಅಡ್ಡ ಬರುತ್ತದೆ.