ಭಾರತದ ವಲಸಿಗರು 45 ಕೋಟಿ, ಇಡೀ ಜಗತ್ತಿನವರು 30 ಕೋಟಿ. ಇದು ಹೇಗೆ?

ತುಂಗಾತೀರ ಕೇಳಿದ್ದು:
2011ರ ಜನಗಣತಿ ಪ್ರಕಾರ ಭಾರತದಲ್ಲಿ ವಲಸಿಗರು 45.58 ಕೋಟಿ. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಇಡೀ ಜಗತ್ತಿನ ವಲಸಿಗರೇ 30.4 ಕೋಟಿ. 2020-21ರ ಪಿಎಲ್‌ಎಫ್‌ಎಸ್ (ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ) ಭಾರತದ ವಲಸೆ ಪ್ರಮಾಣ ಶೇ 28.9 ಅನ್ನುತ್ತೆ, ಜನಗಣತಿ ಶೇ 37 ದಾಟುತ್ತೆ. ಯಾವುದನ್ನು ಹಿಡಿಯಬೇಕು? ಜಿಲ್ಲಾವಾರು ಲೆಕ್ಕಕ್ಕೆ ಯಾವ ಕೋಷ್ಟಕ ತೆಗೆಯಲಿ?

ಎಣಿಕೆಮನೆ:
ಮೂರೂ ಸರಿ, ಎಣಿಸಿದ್ದು ಬೇರೆ ಬೇರೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ದೇಶದ ಗಡಿ ದಾಟಿದವರು ಮಾತ್ರ ಬರುತ್ತಾರೆ. ನಮ್ಮ ಜನಗಣತಿಗೆ ಊರಿನ ಗಡಿ ಸಾಕು. ಮೂರು ಕಿಲೋಮೀಟರ್ ಆಚೆಯ ಹಳ್ಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ವಲಸಿಗರು. ಜಯನಗರದಿಂದ ಹೆಬ್ಬಾಳಕ್ಕೆ ಮನೆ ಬದಲಿಸಿದವರು ಅಲ್ಲ. ನೀವು ಹೇಳಿದ ಪಿಎಲ್‌ಎಫ್‌ಎಸ್‌ನಲ್ಲಿ ವಲಸೆ ಪ್ರಮಾಣ ಗಂಡಸರಲ್ಲಿ ಶೇ 10.7, ಹೆಂಗಸರಲ್ಲಿ ಶೇ 47.9 ಇರುವುದು ಇದಕ್ಕೇ. ವಲಸೆ ಅಂದರೆ ದುಡಿಮೆಗೆ ಹೋಗುವುದು ಅಂತಷ್ಟೇ ಓದಿದರೆ ಈ ಅಂಕಿ ಅರ್ಥವೇ ಆಗುವುದಿಲ್ಲ.

ವಿಶ್ವಸಂಸ್ಥೆ ಮುಖ್ಯವಾಗಿ ಹುಟ್ಟಿದ ದೇಶ ನೋಡುತ್ತೆ. ಹಾಗಾಗಿ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಲಕ್ಷಾಂತರ ಜನ ಮನೆಯ ಹೊಸ್ತಿಲು ದಾಟದೆಯೇ ಅಂತರರಾಷ್ಟ್ರೀಯ ವಲಸಿಗರಾದರು. ಹುಟ್ಟಿದ ದೇಶದ ಮಾಹಿತಿ ಸಿಗದ ಕಡೆ ಪೌರತ್ವ ನೋಡುತ್ತಾರೆ. ಆಗ ವಲಸಿಗರ ಮಕ್ಕಳು ಅಲ್ಲೇ ಹುಟ್ಟಿ ಬೆಳೆದರೂ ವಲಸಿಗರೇ.

ಕೋಷ್ಟಕ_ಡಿ:
ತುಂಗಾತೀರ ಅವರೇ, ಜನಗಣತಿಯ ವಲಸೆ ಕೋಷ್ಟಕಗಳಿಗೆ ‘ಡಿ’ ಸಂಖ್ಯೆ ಇರುತ್ತೆ. ಡಿ-1 ಹುಟ್ಟಿದ ಸ್ಥಳದ ಕೋಷ್ಟಕ. ಅದರಿಂದ ಶುರು ಮಾಡಬೇಡಿ. ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿ ಐದನೇ ತಿಂಗಳಿಗೆ ಅಪ್ಪನ ಊರಾದ ತಿಪಟೂರಿಗೆ ಬಂದ ಕೂಸೂ ಆ ಲೆಕ್ಕದಲ್ಲಿ ವಲಸಿಗ. ಕಾರಣಗಳ ಪಟ್ಟಿಯಲ್ಲಿ ‘ಹುಟ್ಟಿದ ನಂತರ ಸ್ಥಳಾಂತರ’ ಅಂತ ಪ್ರತ್ಯೇಕ ಕಾಲಂ ಇರುವುದು ಇಂಥವರಿಗೆ.

ನಿಮಗೆ ಬೇಕಿರುವುದು ಡಿ-3: ಹಿಂದಿನ ವಾಸಸ್ಥಳ, ಬಂದು ಎಷ್ಟು ವರ್ಷ, ಯಾಕೆ. ‘1 ವರ್ಷಕ್ಕಿಂತ ಕಡಿಮೆ’, ‘1-4’, ‘5-9’ ಈ ಮೂರನ್ನು ಕೂಡಿದರೆ ಹತ್ತು ವರ್ಷದೊಳಗೆ ಬಂದವರು ಸಿಗುತ್ತಾರೆ. ‘ಎಲ್ಲ ಅವಧಿ’ ತೆಗೆದುಕೊಂಡರೆ ನಲವತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಅಜ್ಜಿಯೂ ಸೇರುತ್ತಾರೆ. ಒಟ್ಟು, ಗ್ರಾಮೀಣ, ನಗರ ಅಂತ ಪ್ರತ್ಯೇಕ ಸಾಲುಗಳಿವೆ, ಎಣಿಸಿದ ಜಾಗಕ್ಕೂ ಹಿಂದಿನ ಜಾಗಕ್ಕೂ. ಫಿಲ್ಟರ್ ಹಾಕದೆ ಇಡೀ ಕಾಲಂ ಕೂಡಿದರೆ ಒಬ್ಬರೇ ಹಲವು ಸಲ ಎಣಿಕೆಯಾಗುತ್ತಾರೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅವಧಿ ಹೇಳದವರ ಕಾಲಂ ಸಹ ಇದೆ, ಅದನ್ನು ಬಿಟ್ಟಿದ್ದರೆ ಬಿಟ್ಟಿದ್ದೀರೆಂದು ಬರೆಯಿರಿ.

ಬಿಸಿಲೂರು:
2001ಕ್ಕೂ 2011ಕ್ಕೂ ಹೋಲಿಸುವುದಾದರೆ ಜಿಲ್ಲೆಗಳ ಗಡಿ ನೋಡಿ. ನಡುವೆ ಕರ್ನಾಟಕದ ಜಿಲ್ಲೆಗಳು 27ರಿಂದ 30 ಆದವು: ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ. ಕಲಬುರಗಿ ಜಿಲ್ಲೆ ಒಡೆದು ಯಾದಗಿರಿ ಆಯಿತು, ಶಹಾಪುರ ಅದಕ್ಕೆ ಸೇರಿತು. 1995ರಲ್ಲಿ ಶಹಾಪುರದಿಂದ ಕಲಬುರಗಿಗೆ ಬಂದವರು 2001ರಲ್ಲಿ ಜಿಲ್ಲೆಯೊಳಗಿನ ವಲಸಿಗರು, 2011ರಲ್ಲಿ ಹೊರಜಿಲ್ಲೆಯವರು. ಅವರು ಇದ್ದಲ್ಲೇ ಇದ್ದಾರೆ. ಕಲಬುರಗಿ, ಯಾದಗಿರಿ ಎರಡನ್ನೂ ಒಂದೇ ಘಟಕ ಮಾಡಿ, ಅವುಗಳ ನಡುವಿನ ಓಡಾಟವನ್ನು ಕಳೆದು ಹೋಲಿಸಿ.

ಗುಳೆಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಭಾಗದಲ್ಲಿ ಅದೇ ದೊಡ್ಡ ವಲಸೆ. ಸುಗ್ಗಿ ಮುಗಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ, ಮುಂಗಾರಿಗೆ ಹೊಲಕ್ಕೆ ಮರಳುವವರು ಪಿಎಲ್‌ಎಫ್‌ಎಸ್‌ನಂತೆ ಆರು ತಿಂಗಳ ವಾಸ ಕೇಳುವ ಸಮೀಕ್ಷೆಯಲ್ಲಿ ಬರುವುದಿಲ್ಲ. 2011ರ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ಗುಳೆಯ ನಟ್ಟನಡುವೆ. ತಗಡಿನ ಶೆಡ್ಡು ಎಣಿಕೆದಾರರ ಕಣ್ಣಿಗೆ ಬಿದ್ದಿದ್ದರೆ ಲೆಕ್ಕಕ್ಕೆ ಬಂದರು, ಇಲ್ಲದಿದ್ದರೆ ಇಲ್ಲ. ಇವರನ್ನು ‘ಒಂದು ತಿಂಗಳಿಗೆ ಮೇಲೆ, ಆರು ತಿಂಗಳಿಗೆ ಒಳಗೆ’ ಅಂತ ಪ್ರತ್ಯೇಕವಾಗಿ ಕೇಳಿದ್ದು ಎನ್‌ಎಸ್‌ಎಸ್‌ನ (ರಾಷ್ಟ್ರೀಯ ಮಾದರಿ ಸಮೀಕ್ಷೆ) 64ನೇ ಸುತ್ತು, 2007-08ರದ್ದು. ಹಳೆಯದಾದರೂ ಡಿ-3ರ ಪಕ್ಕದಲ್ಲಿ ಅದನ್ನೂ ಇಟ್ಟುಕೊಳ್ಳಿ. ಎರಡನ್ನೂ ಕೂಡಲು ಹೋಗಬೇಡಿ, ಬೇರೆ ಬೇರೆ ಸಾಲಿನಲ್ಲೇ ಇರಲಿ.